ಹಳೇ ಆಯಿಲ್ ಎಲ್ಲಿಗೆ ಹೋಯಿತು?

ಕಾರಿನ ಇಂಜಿನ್ ಆಯಿಲ್ ವಿಷಯಕ್ಕೆ ಬಂದರೆ ಕನ್ನಡದಲ್ಲಿ ಯಾರೂ ‘ಚೇಂಜ್ ಮಾಡಿದೆ’ ಎನ್ನುವುದಿಲ್ಲ, ‘ಚೇಂಜ್ ಮಾಡಿಸಿದೆ’ ಎನ್ನುತ್ತಾರೆ. ಮನೆ ಕಟ್ಟಿಸಿದೆವು, ಬೋರ್‌ವೆಲ್ ಕೊರೆಸಿದೆವು, ಕಟಿಂಗ್ ಮಾಡಿಸಿದೆ ಎಂದ ಹಾಗೆಯೇ ಇದೂ. ಆ ‘ಇಸು’ ಪ್ರತ್ಯಯ ಪ್ರಾಮಾಣಿಕವಾದದ್ದು. ಕಾರು ನನ್ನದು, ದುಡ್ಡು ನನ್ನದು, ಕೈ ಮಾತ್ರ ಇನ್ನೊಬ್ಬರದು ಎಂದು ಅದು ಒಪ್ಪಿಕೊಳ್ಳುತ್ತದೆ. ಇಂಗ್ಲಿಷಿನವರು ಮನೆಯನ್ನು ತಾವೇ ಕಟ್ಟಿದರೂ ಮೇಸ್ತ್ರಿಯಿಂದ ಕಟ್ಟಿಸಿದರೂ ಬಹುಮಟ್ಟಿಗೆ ಒಂದೇ ಕ್ರಿಯಾಪದದಲ್ಲಿ ಮುಗಿಸಿಬಿಡುತ್ತಾರೆ. ನಮ್ಮ ವ್ಯಾಕರಣ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಆ ‘ಇಸು’ವನ್ನು ಕೈಬಿಟ್ಟು ಮೊದಲ ಸಲ ತಾವೇ ಆಯಿಲ್ ಬದಲಿಸಲು ಹೊರಟವರಿಗೆ ಕೆಲಸ ಅಂಥ ಕಷ್ಟದ್ದೇನಲ್ಲ. ಇಂಜಿನ್ ಸ್ವಲ್ಪ ಬೆಚ್ಚಗಿರಬೇಕು, ತೀರಾ ಸುಡಬಾರದು. ಕಾರನ್ನು ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರೀ ಜಾಕ್ ನಂಬಿ ಕೆಳಗೆ ನುಸುಳುವುದು ಪ್ರಾಣಕ್ಕೆ ಅಪಾಯ. ಮೆಕ್ಯಾನಿಕ್‌ಗಳು ಚೇಂಬರ್ ಎನ್ನುವ ತಳದ ತಟ್ಟೆಯಲ್ಲಿ ಒಂದು ಬೋಲ್ಟ್ ಇರುತ್ತದೆ. ಅದನ್ನು ಬಿಚ್ಚಿದರೆ ಎಣ್ಣೆ ಸುರಿಯುತ್ತದೆ. ಹಳೆಯ ಫಿಲ್ಟರ್ ತಿರುಗಿಸಿ ತೆಗೆದು, ಹೊಸದರ ರಬ್ಬರ್ ಅಂಚಿಗೆ ಒಂದು ಬೆರಳು ಎಣ್ಣೆ ಸವರಿ ಕೈಯಲ್ಲೇ ಬಿಗಿ ಮಾಡಬೇಕು. ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿದು, ಮೇಲಿನಿಂದ ಹೊಸ ಎಣ್ಣೆ ಸುರಿದು, ಡಿಪ್‌ಸ್ಟಿಕ್ ನೋಡಿದರೆ ಆಯಿತು. ಒಂದು ಗಂಟೆಯ ಕೆಲಸ. ಯಾವ ಗ್ರೇಡ್, ಎಷ್ಟು ಲೀಟರ್, ಬೋಲ್ಟಿಗೆ ಎಷ್ಟು ನಂಬರಿನ ಸ್ಪ್ಯಾನರ್ ಎಂಬ ಪ್ರಶ್ನೆಗಳಿಗೆಲ್ಲ ಕಾರಿನ ಜೊತೆ ಬಂದ ಕೈಪಿಡಿಯಲ್ಲೋ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೋ ಉತ್ತರ ಸಿಗುತ್ತದೆ. ಕೊನೆಗೆ ಮೂರು ಲೀಟರ್ ಕಪ್ಪು ಎಣ್ಣೆ ತುಂಬಿದ ಟಬ್ ಕೈಯಲ್ಲಿ ಉಳಿಯುತ್ತದೆ. ಅದಕ್ಕೆ ಕೈಪಿಡಿಯ ಉತ್ತರ ಒಂದೇ ಸಾಲು: ಸ್ಥಳೀಯ ನಿಯಮದಂತೆ ವಿಲೇವಾರಿ ಮಾಡಿ.

ಇಂಜಿನ್ ಎಣ್ಣೆಯ ಚರಿತ್ರೆಯಲ್ಲೂ ಆ ಪ್ರಶ್ನೆ ಕೊನೆಗೇ ಬಂದದ್ದು. ಬರಲು ಅದಕ್ಕೆ ಅರವತ್ತು ಎಪ್ಪತ್ತು ವರ್ಷ ಹಿಡಿಯಿತು.

ಎಣ್ಣೆ ಬದಲಿಸುವುದು ಎಂಬ ಕಲ್ಪನೆಯೇ ಹೊಸದು. ಎತ್ತಿನ ಗಾಡಿಗೆ ನಾವು ಎಣ್ಣೆ ಬದಲಿಸುತ್ತಿರಲಿಲ್ಲ, ಕೀಲೆಣ್ಣೆ ಹಾಕುತ್ತಿದ್ದೆವು. ಹರಳೆಣ್ಣೆಗೆ, ಅಂದರೆ ಉತ್ತರ ಕರ್ನಾಟಕದವರ ಔಡಲೆಣ್ಣೆಗೆ, ಸುಟ್ಟ ಹುಲ್ಲಿನ ಕರಿ ಕಲಸಿ ಮಂದ ಮಾಡಿ ಅಚ್ಚಿಗೆ ಬಳಿಯುತ್ತಿದ್ದರು. ಗಾಡಿ ಓಡಿದಂತೆ ಅದು ಸವೆದು, ಒಣಗಿ, ದಾರಿಯಲ್ಲಿ ಉದುರಿ ಹೋಗುತ್ತಿತ್ತು. ಕಿರುಗುಟ್ಟಿದಾಗ ಮತ್ತೆ ಹಾಕಿದರಾಯಿತು. ಹಳೆಯ ಎಣ್ಣೆ ಎಂಬ ವಸ್ತುವೇ ಇರಲಿಲ್ಲ. ಹಾಗಾಗಿ ಕೀಲೆಣ್ಣೆಗೆ ‘ಹಾಕು’, ‘ಬಳಿ’, ‘ಹಚ್ಚು’ ಎಂಬ ಕ್ರಿಯಾಪದಗಳು ಒಗ್ಗಿವೆ, ‘ಬದಲಿಸು’ ಒಗ್ಗಿಲ್ಲ.

ಪದಗಳ ಮಾತು ಬಂದದ್ದರಿಂದ ಒಂದು ಸಣ್ಣ ಅಡ್ಡದಾರಿ. ಕನ್ನಡದ ‘ಎಣ್ಣೆ’ಯೂ ತಮಿಳಿನ ‘ಎಣ್ಣೆಯ್’ ಕೂಡ ಮೂಲದಲ್ಲಿ ಎಳ್ಳಿನ ನೆಯ್, ಎಳ್ಳಿನ ಜಿಡ್ಡು. ಸಂಸ್ಕೃತದ ‘ತೈಲ’ ಬಂದದ್ದು ‘ತಿಲ’ದಿಂದ, ಅದೂ ಎಳ್ಳೇ. ಇಂಗ್ಲಿಷಿನ ‘ಆಯಿಲ್’ ಲ್ಯಾಟಿನ್ ಮೂಲಕ ಆಲಿವ್ ಕಾಯಿಗೆ ಹೋಗಿ ಮುಟ್ಟುತ್ತದೆ. ಹೀಗೆ ಎರಡು ಬೆಳೆಗಳ ಹೆಸರುಗಳು ಕೊನೆಗೆ ನೆಲದಡಿಯ ಕಲ್ಲೆಣ್ಣೆಯ ಮೇಲೆ ಕೂತಿವೆ. ಕಾರಿನ ಎಣ್ಣೆಯ ಕಥೆಯಲ್ಲಿ ಮೂರನೆಯ ಬೆಳೆಯೊಂದೂ ಬರುತ್ತದೆ. ಅದು ನಮ್ಮ ಹರಳು.

1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಹರಳಿನ ಬೇಸಾಯವನ್ನೂ ಎಣ್ಣೆ ತೆಗೆಯುವ ಬಗೆಯನ್ನೂ ಬರೆದಿಟ್ಟಿದ್ದಾನೆ. ಆಗ ಅದರ ಮುಖ್ಯ ಬಳಕೆ ದೀಪಕ್ಕೆ. 1853ರಲ್ಲಿ ಮುಂಬಯಿಯ ಬೋರಿ ಬಂದರಿನಿಂದ ಠಾಣೆಗೆ ರೈಲು ಹೊರಟ ಮೇಲೆ, ಮುಂದಿನ ದಶಕಗಳಲ್ಲಿ ಅದೇ ಎಣ್ಣೆ ರೈಲಿನ ದೀಪಕ್ಕೂ ಕೀಲಿಗೂ ಬಂತು. ಲಂಡನ್ನಿನಲ್ಲಿ 1899ರಲ್ಲಿ ಕಂಪನಿ ಶುರುಮಾಡಿದ ಚಾರ್ಲ್ಸ್ ಚೀರ್ಸ್ ವೇಕ್‌ಫೀಲ್ಡ್ ಮೊದಲು ರೈಲು ಮತ್ತು ಭಾರೀ ಯಂತ್ರಗಳಿಗೆ ಎಣ್ಣೆ ಮಾರುತ್ತಿದ್ದವನು. ಮೋಟಾರು ಮತ್ತು ವಿಮಾನ ಬಂದಾಗ ಅವನ ಕಂಪನಿಯವರು ಕಲ್ಲೆಣ್ಣೆಗೆ ಒಂದಷ್ಟು ಹರಳೆಣ್ಣೆ ಬೆರೆಸಿದರು. ಕೊರೆಯುವ ಚಳಿಯಲ್ಲಿ ಇಂಜಿನ್ ಚಾಲೂ ಮಾಡುವಾಗ ಹರಿಯುವಷ್ಟು ತೆಳ್ಳಗೆ, ಕಾದ ಮೇಲೂ ನಿಲ್ಲುವಷ್ಟು ಮಂದವಾಗಿ ಇರಬೇಕಿತ್ತು ಅವರಿಗೆ. 1909ರಲ್ಲಿ ಆ ಎಣ್ಣೆಗೆ ಇಟ್ಟ ಹೆಸರು ಕ್ಯಾಸ್ಟ್ರಾಲ್: ‘ಕ್ಯಾಸ್ಟರ್ ಆಯಿಲ್’ ಕುಗ್ಗಿ ಆದ ಪದ. ಮರುವರ್ಷವೇ, 1910ರಲ್ಲಿ, ಕಂಪನಿ ಭಾರತದಲ್ಲೂ ವ್ಯಾಪಾರ ಶುರುಮಾಡಿತು. ಹರಳಿನ ನಾಡಿಗೆ ಹರಳೆಣ್ಣೆಯ ಹೆಸರು ಹೊತ್ತ ಡಬ್ಬಿ ಹಡಗಿನಲ್ಲಿ ಬಂದಿಳಿಯಿತು.

ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಹರಳೆಣ್ಣೆಯ ಬಳಕೆ ಇನ್ನೂ ಶುದ್ಧವಾಗಿತ್ತು. ಫ್ರಾನ್ಸಿನ ನೋಮ್, ಲ ರೋನ್ ಮುಂತಾದ ರೋಟರಿ ಇಂಜಿನ್‌ಗಳಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರ್ ಜೊತೆ ಗಿರಗಿರನೆ ಸುತ್ತುತ್ತಿದ್ದವು. ಒಳಗೆ ಬರುವ ಪೆಟ್ರೋಲ್ ಆವಿಯಲ್ಲಿ ಕಲ್ಲೆಣ್ಣೆ ಕರಗಿಹೋಗುತ್ತದೆ, ಹರಳೆಣ್ಣೆ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಅದಕ್ಕೇ ಅದು ಬೇಕಾಯಿತು. ಒಳಹೋದ ಎಣ್ಣೆ ಒಂದು ಸುತ್ತಿನ ಕೆಲಸ ಮುಗಿಸಿ ಹೊಗೆಯೊಂದಿಗೆ ಹೊರಗೆ, ಪೈಲಟ್ಟಿನ ಮುಖದ ಮೇಲೆ. ಆ ಎಣ್ಣೆ ಉಸಿರಾಡಿ ನುಂಗಿದ ಪೈಲಟ್ಟುಗಳ ಹೊಟ್ಟೆಯ ಪಾಡಿನ ಬಗ್ಗೆ ಅನೇಕ ತಮಾಷೆಗಳಿವೆ. ಚಿಕ್ಕಂದಿನಲ್ಲಿ ತಿಂಗಳಿಗೊಮ್ಮೆ ಅಜ್ಜಿಯ ಕೈಯಿಂದ ಹರಳೆಣ್ಣೆ ಕುಡಿದವರಿಗೆ ವಿವರಣೆ ಬೇಕಿಲ್ಲ. ನಮಗೆ ಇಲ್ಲಿ ಮುಖ್ಯವಾದದ್ದು, ಅಲ್ಲೂ ಬದಲಿಸಲು ಏನೂ ಉಳಿಯುತ್ತಿರಲಿಲ್ಲ ಎಂಬುದು. ಎತ್ತಿನ ಗಾಡಿಯ ಹಾಗೆ ವಿಮಾನವೂ ಎಣ್ಣೆಯನ್ನು ದಾರಿಯಲ್ಲೇ ಚೆಲ್ಲುತ್ತಿತ್ತು.

ಎಣ್ಣೆ ಬದಲಿಸಬೇಕಾದರೆ ಅದು ಮೊದಲು ಯಂತ್ರದೊಳಗೆ ಉಳಿಯಬೇಕು, ಸುತ್ತಿ ಸುತ್ತಿ ಮತ್ತೆ ಬರಬೇಕು. ಅದು ಹೇಗೆ ಸಾಧ್ಯವಾಯಿತು ಎನ್ನುವುದು ಈ ಚರಿತ್ರೆಯಲ್ಲಿ ನನಗೆ ಬಲು ಇಷ್ಟವಾದ ಭಾಗ.

ಹಬೆ ಯಂತ್ರಗಳ ಕಾಲದಲ್ಲಿ ಕೀಲುಗಳಿಗೆ ದನದ ಕೊಬ್ಬು, ತಿಮಿಂಗಿಲದ ಎಣ್ಣೆ, ಸಸ್ಯದ ಎಣ್ಣೆ ಎಲ್ಲ ನಡೆಯುತ್ತಿತ್ತು. ಬಿಸಿ ಹಬೆಯಲ್ಲಿ ಕೊಬ್ಬು ಕೊಳೆತು ಆಮ್ಲವಾಗಿ ಕಬ್ಬಿಣವನ್ನೇ ತಿನ್ನುತ್ತಿತ್ತು. 1859ರಲ್ಲಿ ಪೆನ್ಸಿಲ್ವೇನಿಯದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಬಾವಿ ಕೊರೆಸಿ (ಇಲ್ಲೂ ‘ಇಸು’ ಬೇಕು, ಕೊರೆದದ್ದು ಅವನ ಕೆಲಸಗಾರರು) ಕಲ್ಲೆಣ್ಣೆ ತೆಗೆದ ಮೇಲೆ, ಅದರಲ್ಲಿ ಔಷಧ ಗುಣವಿದೆಯೇ ಎಂದು ಹುಡುಕುತ್ತಿದ್ದ ಜಾನ್ ಎಲ್ಲಿಸ್ ಎಂಬ ವೈದ್ಯನಿಗೆ ಔಷಧವೇನೂ ಸಿಗಲಿಲ್ಲ, ಹಬೆ ಯಂತ್ರದ ವಾಲ್ವುಗಳಿಗೆ ಒಳ್ಳೆಯ ಎಣ್ಣೆ ಸಿಕ್ಕಿತು. 1866ರಲ್ಲಿ ಅವನು ಕಂಪನಿ ಕಟ್ಟಿದ. ಮುಂದೆ ಅದೇ ವಾಲ್ವೊಲಿನ್ ಆಯಿತು.

ರೈಲು ಇಂಜಿನ್ ಆಗಾಗ ನಿಲ್ಲಬೇಕಿತ್ತು, ಆಳು ಇಳಿದು ಕೀಲುಕೀಲಿಗೂ ಎಣ್ಣೆ ಬಿಡಬೇಕಿತ್ತು. ಎಲೈಜಾ ಮೆಕಾಯ್ ಅಂಥ ಆಳಾಗಿದ್ದವನು. ಅವನ ತಂದೆತಾಯಿ ಅಮೆರಿಕದ ಕೆಂಟಕಿಯಿಂದ ಗುಲಾಮಗಿರಿ ತಪ್ಪಿಸಿಕೊಂಡು ಕೆನಡಾಕ್ಕೆ ಓಡಿಹೋದವರು. ಮಗ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಎಂಜಿನಿಯರಿಂಗ್ ಕಲಿತು ಬಂದರೂ ಕರಿಯನಾದ್ದರಿಂದ ಮಿಷಿಗನ್ನಿನ ರೈಲ್ವೆಯಲ್ಲಿ ಅವನಿಗೆ ಸಿಕ್ಕಿದ್ದು ಕಲ್ಲಿದ್ದಲು ಎರಚುವ, ಎಣ್ಣೆ ಬಿಡುವ ಕೆಲಸ. 1872ರಲ್ಲಿ ಅವನು, ಯಂತ್ರ ಓಡುತ್ತಿರುವಾಗಲೇ ತಾನಾಗಿ ಎಣ್ಣೆ ತೊಟ್ಟಿಕ್ಕಿಸುವ ಬಟ್ಟಲಿಗೆ ಪೇಟೆಂಟ್ ಪಡೆದ. ಇಂಗ್ಲಿಷಿನಲ್ಲಿ ಅಸಲಿ ಮಾಲಿಗೆ ‘ರಿಯಲ್ ಮೆಕಾಯ್’ ಎನ್ನುವುದು ಅವನಿಂದಲೇ ಬಂತು ಎಂದು ಬಹಳ ಜನ ಹೇಳುತ್ತಾರೆ. ಕಥೆ ಚೆನ್ನಾಗಿದೆ. ಆದರೆ ಆ ನುಡಿಗಟ್ಟಿಗೆ ಬೇರೆ ದಾವೆದಾರರೂ ಇದ್ದಾರೆ, ಭಾಷಾಶಾಸ್ತ್ರ ಓದಿದವಳಾಗಿ ನಾನು ಇದಕ್ಕೆ ಸಹಿ ಹಾಕಲಾರೆ. ಅವನ ಬಟ್ಟಲಿಗೆ ಆ ಹೆಸರಿನ ಹಂಗೂ ಇಲ್ಲ.

ಹನ್ನೊಂದು ವರ್ಷದ ನಂತರ, 1883ರಲ್ಲಿ, ಬ್ಯೂಚಾಂಪ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲಿನ ಅಚ್ಚುಗಳ ಘರ್ಷಣೆಯನ್ನು ಅಳೆಯುತ್ತಿದ್ದ. ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು, ಮೇಲಿನ ಹಿತ್ತಾಳೆ ಬೇರಿಂಗಿನ ಮೇಲೆ ಭಾರ ಹೇರಿತ್ತು. ಎಣ್ಣೆ ಬಿಡಲೆಂದು ಆ ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆಸಿದ. ಯಂತ್ರ ತಿರುಗಿಸಿದರೆ ತೂತಿನಿಂದ ಎಣ್ಣೆ ಒಳಹೋಗುವ ಬದಲು ಉಕ್ಕಿ ಹೊರಗೆ ಬಂತು. ಬೆಂಡು ತುರುಕಿದ, ಬೆಂಡು ಹಾರಿತು. ಮರದ ಬೆಣೆ ಬಡಿದ. ಅದೂ ನಿಧಾನಕ್ಕೆ ಮೇಲೆದ್ದು ಬಂತು. ಕೊನೆಗೆ ಒತ್ತಡದ ಗೇಜ್ ಕೂರಿಸಿದರೆ ಮುಳ್ಳು ಚದರ ಅಂಗುಲಕ್ಕೆ 200 ಪೌಂಡ್ ದಾಟಿ ಕೊನೆ ಮುಟ್ಟಿತು. ಹೇರಿದ ಭಾರದ ಸರಾಸರಿ ಒತ್ತಡ ಅದರ ಅರ್ಧದಷ್ಟಿತ್ತು, ಅಷ್ಟೆ.

ಅಂದರೆ ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಎಳೆದುಕೊಂಡು, ತನ್ನ ಮೇಲಿನ ಭಾರವನ್ನೆಲ್ಲ ಅದರ ಮೇಲೆ ತೇಲಿಸುತ್ತಿತ್ತು. ಲೋಹಕ್ಕೆ ಲೋಹ ತಾಗುತ್ತಲೇ ಇರಲಿಲ್ಲ. ಮೂರು ವರ್ಷದಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕೊಟ್ಟ. ಇವತ್ತು ನಿಮ್ಮ ಕಾರು ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುವಾಗ ಕ್ರ್ಯಾಂಕ್‌ಶಾಫ್ಟ್ ನಿಂತಿರುವುದು ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಎಣ್ಣೆಯ ಪದರದ ಮೇಲೆ. ಜಿಡ್ಡು ಬಳಿದರೆ ಸಾಲದು, ಧಾರಾಳವಾಗಿ, ಬಿಡದೆ ಎಣ್ಣೆ ಹರಿಯುತ್ತಿರಬೇಕು ಎಂಬುದು ಆಗ ತಿಳಿಯಿತು. ಅಷ್ಟು ಎಣ್ಣೆಯನ್ನು ಚೆಲ್ಲಿಕೊಂಡು ಓಡುವುದು ಯಾರಿಗೂ ಕಟ್ಟುವುದಿಲ್ಲ. ಕೆಳಗೊಂದು ತಟ್ಟೆ ಇಟ್ಟು, ಇಳಿದ ಎಣ್ಣೆಯನ್ನೇ ಮತ್ತೆ ಮೇಲೆತ್ತಬೇಕಾಯಿತು. ‘ಹಾಕು’ ಹೋಗಿ ‘ಬದಲಿಸು’ ಬಂದದ್ದು ಇಲ್ಲಿ.

ಕಾರು ಕೊಂಡ ಸಾಮಾನ್ಯ ಮನುಷ್ಯ ಈ ಕೆಲಸವನ್ನು ಮೊದಲ ಸಲ ಮಾಡಿದ್ದು ಬಹುಶಃ ಫೋರ್ಡ್ ಮಾಡೆಲ್ ಟಿ ಅಡಿಯಲ್ಲಿ. 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾಡೆಲ್ ಟಿಗಳು ತಯಾರಾದವು, ಕೊಂಡವರಲ್ಲಿ ಬಹಳಷ್ಟು ಜನ ಹಳ್ಳಿಯ ರೈತರು. ಇಂಜಿನ್ನಿಗೆ ಆಯಿಲ್ ಪಂಪಿರಲಿಲ್ಲ. ತಿರುಗುವ ಚಕ್ರ ಎಣ್ಣೆಯನ್ನು ಎರಚುತ್ತಿತ್ತು, ಒಂದು ಸಣ್ಣ ಕೊಳವೆ ಅದನ್ನು ಮುಂದಕ್ಕೆ ಒಯ್ಯುತ್ತಿತ್ತು. ಫಿಲ್ಟರಿಲ್ಲ. ಡಿಪ್‌ಸ್ಟಿಕ್ ಕೂಡ ಇಲ್ಲ. ಬದಲಿಗೆ ತಳದಲ್ಲಿ ಒಂದರ ಮೇಲೊಂದು ಎರಡು ಪುಟ್ಟ ನಲ್ಲಿಗಳು. ಮೇಲಿನ ನಲ್ಲಿಯಲ್ಲಿ ಎಣ್ಣೆ ಬಂದರೆ ತುಂಬಿದೆ ಎಂದರ್ಥ. ಕೆಳಗಿನದರಲ್ಲೂ ಬಾರದಿದ್ದರೆ ಕಥೆ ಮುಗಿಯಿತು. ನೋಡಬೇಕಾದರೆ ನೆಲದ ಮೇಲೆ ಮಲಗಿ ಕೈಚಾಚಬೇಕು. ಹೊಸ ಕಾರು 400 ಮೈಲಿ ಓಡಿದ ಮೇಲೆ ಒಮ್ಮೆ, ಆಮೇಲೆ ಸುಮಾರು 750 ಮೈಲಿಗೊಮ್ಮೆ, ಅಂದರೆ 1,200 ಕಿಲೋಮೀಟರಿಗೊಮ್ಮೆ, ಎಣ್ಣೆ ಪೂರ್ತಿ ಇಳಿಸಿ ಹೊಸದು ಹಾಕಿ ಎಂದು ಫೋರ್ಡ್ ಕೈಪಿಡಿ ಹೇಳುತ್ತಿತ್ತು. ಮಾಡಿಸಲು ಹತ್ತಿರದಲ್ಲಿ ಗ್ಯಾರೇಜು ಇಲ್ಲದವರೇ ಹೆಚ್ಚು. ಹೀಗಾಗಿ ಮೊದಲ ತಲೆಮಾರಿನ ಕಾರಿನವರು ‘ಮಾಡು’ ಗುಂಪಿನವರು.

ಇಳಿಸಿದ ಎಣ್ಣೆ ಏನಾಗುತ್ತಿತ್ತು? ರೈತನಿಗೆ ಅದೊಂದು ಬಿಟ್ಟಿ ಸಂಪನ್ಮೂಲ. ಬೇಲಿಗೂಟಕ್ಕೆ ಬಳಿದ, ಕಳೆಯ ಮೇಲೆ ಸುರಿದ. ಹಂದಿಗಳ ಹೇನಿಗೂ ಅದೇ ಮದ್ದು. ಹಂದಿ ಬಂದು ಮೈ ಉಜ್ಜಿದರೆ ಎಣ್ಣೆ ಸವರುವಂಥ ಎರಕದ ಕಬ್ಬಿಣದ ಸಾಧನಗಳೇ ಅಮೆರಿಕದಲ್ಲಿ ಮಾರಾಟಕ್ಕಿದ್ದವು. ಅವು ಈಗ ಹಳೆ ವಸ್ತು ಸಂಗ್ರಹಿಸುವವರ ಮನೆಗಳಲ್ಲಿವೆ. ಮಣ್ಣಿನ ರಸ್ತೆಗಳ ಧೂಳು ಅಡಗಿಸಲು ಎಣ್ಣೆ ಚಿಮುಕಿಸುವುದಂತೂ 19ನೇ ಶತಮಾನದ ಕೊನೆಯಿಂದಲೇ ಅಲ್ಲಿ ನಡೆದುಬಂದಿತ್ತು. ಆಗ ಅದು ತಪ್ಪೆಂದು ಯಾರಿಗೂ ಕಾಣಲಿಲ್ಲ, ಕಾಣಬೇಕಿತ್ತು ಎನ್ನುವುದೂ ನ್ಯಾಯವಲ್ಲ.

ಮುಂದಿನ ಸುಧಾರಣೆಗಳು ಎಣ್ಣೆಯನ್ನು ಒಳಗೆ ಇನ್ನಷ್ಟು ಕಾಲ ಉಳಿಸುವ ಸುಧಾರಣೆಗಳು. 1911ರಲ್ಲಿ ಅಮೆರಿಕದ ಆಟೋಮೊಬೈಲ್ ಎಂಜಿನಿಯರುಗಳ ಸಂಘ ಎಣ್ಣೆಯನ್ನು ಮಂದತೆಯ ಲೆಕ್ಕದಲ್ಲಿ ವಿಂಗಡಿಸಿತು. ಡಬ್ಬಿಯ ಮೇಲಿನ ‘ಎಸ್‌ಎಇ’ ಆ ಸಂಘದ ಹೆಸರು. 20ಡಬ್ಲ್ಯೂ-40, 5ಡಬ್ಲ್ಯೂ-30 ಎಂಬಲ್ಲಿ ಬರುವ ‘ಡಬ್ಲ್ಯೂ’ ವೆಯ್ಟ್ ಎಂದು ತಿಳಿದವರು ಬಹಳ ಜನ, ಅದು ವಿಂಟರ್. ಮೊದಲ ಸಂಖ್ಯೆ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಇಂಜಿನ್ ಕಾದಾಗ ಎಷ್ಟು ಮಂದವಾಗಿರುತ್ತದೆ ಎಂಬುದಕ್ಕೆ. ಚೆನ್ನೈನಲ್ಲಿ ಕೂತವರಿಗೆ ವಿಂಟರ್ ಎಂಬುದು ಡಬ್ಬಿಯ ಮೇಲೆ ಮಾತ್ರ ಸಿಗುವ ವಸ್ತು ಎನಿಸಬಹುದು. ಆದರೂ ರಾತ್ರಿಯೆಲ್ಲ ನಿಂತ ಇಂಜಿನ್ ಬೆಳಿಗ್ಗೆ ಚಾಲೂ ಆದಾಗಿನ ಮೊದಲ ಕ್ಷಣಗಳಲ್ಲೇ ಸವೆತ ಹೆಚ್ಚು, ಹಾಗಾಗಿ ಆ ಸಂಖ್ಯೆ ಅಲ್ಲಿಗೂ ಸಲ್ಲುತ್ತದೆ.

1923ರಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ ಎಂಬಿಬ್ಬರು ಇಂಜಿನ್ ಎಣ್ಣೆ ಸೋಸುವ ಸಾಧನಕ್ಕೆ ಪೇಟೆಂಟ್ ಪಡೆದರು. ಅದಕ್ಕಿಟ್ಟ ಹೆಸರು ಪ್ಯುರೊಲೇಟರ್. ‘ಪ್ಯೂರ್ ಆಯಿಲ್ ಲೇಟರ್’, ಅಂದರೆ ‘ಆಮೇಲೂ ಶುದ್ಧ ಎಣ್ಣೆ’ ಎನ್ನುವುದನ್ನು ಒತ್ತಿ ಮಾಡಿದ ಪದ. ಹಿಟ್ಟಿನ ಜರಡಿಗೆ ಇಂಥ ಹೆಸರಿಡುವ ಧೈರ್ಯ ನಮ್ಮವರಿಗೆ ಬರಲಿಲ್ಲ.

ನಿಜವಾದ ತಿರುವು 1930ರ ದಶಕದ ಡಿಸೇಲ್ ಇಂಜಿನ್ನುಗಳಿಂದ ಬಂತು. ಅವುಗಳ ಪಿಸ್ಟನ್ ರಿಂಗುಗಳು ಮಸಿ ಮತ್ತು ಗೋಂದಿನಂಥ ಜಿಗುಟಿನಿಂದ ಅಂಟಿಕೊಂಡುಬಿಡುತ್ತಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1935ರಲ್ಲಿ ಡೆಲೊ ಎಂಬ ಎಣ್ಣೆ ತಂದಿತು. ಡಿಸೇಲ್ ಇಂಜಿನ್ ಲೂಬ್ರಿಕೇಟಿಂಗ್ ಆಯಿಲ್ ಎಂಬುದರ ಮೊದಲಕ್ಷರಗಳು. ಅದರಲ್ಲಿ ಡಿಟರ್ಜೆಂಟ್ ಬೆರೆಸಿತ್ತು. ಬಟ್ಟೆಯ ಸೋಪಿನ ಹಾಗೆಯೇ ಅದು ಮಸಿಯನ್ನು ಲೋಹಕ್ಕೆ ಅಂಟಗೊಡದೆ ಎಣ್ಣೆಯಲ್ಲೇ ತೇಲಿಸಿಡುತ್ತದೆ. ಮೊದಲ ಸಲ ಆಯಿಲ್ ಬದಲಿಸುವವರು ಸುರಿಯುವ ಕಪ್ಪು ನೋಡಿ ‘ಅಯ್ಯೋ, ಇಂಜಿನ್ ಹಾಳಾಯಿತೇ’ ಎಂದು ಗಾಬರಿಯಾಗುತ್ತಾರೆ. ಕಪ್ಪಾದದ್ದು ಎಣ್ಣೆ ತನ್ನ ಕೆಲಸ ಮಾಡಿದ್ದಕ್ಕೆ. ಡಿಟರ್ಜೆಂಟ್ ಇಲ್ಲದ ಹಳೆಯ ಎಣ್ಣೆ ಅಷ್ಟು ಕಪ್ಪಾಗುತ್ತಿರಲಿಲ್ಲ, ಯಾಕೆಂದರೆ ಕೊಳೆ ಇಂಜಿನ್ನಿನ ಒಳಗೋಡೆಗಳಲ್ಲೇ ಕೂತಿರುತ್ತಿತ್ತು.

ಇದಕ್ಕೆ ಇನ್ನೊಂದು ಮುಖವಿದೆ. ಇಂಜಿನ್ ಸ್ವಚ್ಛವಾದಷ್ಟೂ ಎಣ್ಣೆ ಕೊಳಕಾಯಿತು. ಮಸಿ, ಸವೆದ ಲೋಹದ ಪುಡಿ, ಅರೆಬೆಂದ ಇಂಧನ, ಸತುವು ರಂಜಕಗಳ ಸಂಯುಕ್ತಗಳು ಎಲ್ಲವೂ ಆ ಟಬ್ಬಿನಲ್ಲಿವೆ. ಕಾರಿನೊಳಗಿನ ಪ್ರತಿ ಸುಧಾರಣೆಯೂ ಕಾರಿನ ಹೊರಗೆ ಬರುವ ಎಣ್ಣೆಯನ್ನು ಇನ್ನಷ್ಟು ತೊಡಕಿನ ವಸ್ತುವಾಗಿಸಿತು. ಬೇಲಿಗೂಟಕ್ಕೆ ಬಳಿದ ಮಾಡೆಲ್ ಟಿ ಎಣ್ಣೆಯೂ ಇದೂ ಒಂದೇ ಎಂದುಕೊಂಡದ್ದು ಇಪ್ಪತ್ತನೇ ಶತಮಾನದ ನಡುಭಾಗದ ದೊಡ್ಡ ಮರೆವು.

ಆ ಮರೆವಿಗೆ ಸಾಕ್ಷಿ ಬೇಕಾದರೆ 1963ರ ಜನವರಿಯ ‘ಪಾಪ್ಯುಲರ್ ಸೈನ್ಸ್’ ಪತ್ರಿಕೆ ಇದೆ. ಮನೆಯಲ್ಲೇ ಆಯಿಲ್ ಬದಲಿಸುವ ಓದುಗರಿಗೆ ಅದು ಕೊಟ್ಟ ಸಲಹೆ: ಹಿತ್ತಲಲ್ಲಿ ಗುಂಡಿ ತೋಡಿ, ಸಣ್ಣ ಜಲ್ಲಿ ತುಂಬಿಸಿ, ಹಳೆಯ ಎಣ್ಣೆಯನ್ನು ಅದರೊಳಗೆ ಸುರಿಯಿರಿ, ನೆಲ ಹೀರಿಕೊಳ್ಳುತ್ತದೆ. ಅದು ಬೇಜವಾಬ್ದಾರಿ ಪತ್ರಿಕೆಯಲ್ಲ, ವಿಜ್ಞಾನದ ಪತ್ರಿಕೆ. ಮನೆಯ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಳ್ಳುವ ಗೃಹಸ್ಥನಿಗೆ ಅಚ್ಚುಕಟ್ಟಾದ ಉಪಾಯ ಹೇಳಿಕೊಟ್ಟಿತ್ತು. ಇಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಎಚ್ಚರಿಕೆ ಹೀಗಿದೆ: ಒಂದು ಸಲ ಬದಲಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು.

ಗ್ಯಾರೇಜಿನಲ್ಲಿ ಮಾಡಿಸಿದವರ ಎಣ್ಣೆಯಾದರೂ ನೆಟ್ಟಗೆ ಎಲ್ಲಿಗೋ ಹೋಗುತ್ತಿತ್ತೇ? ಮಿಸೌರಿ ರಾಜ್ಯದ ಟೈಮ್ಸ್ ಬೀಚ್ ಎಂಬ ಊರಿನ ಕಥೆ ಇದಕ್ಕೆ ಉತ್ತರ.

ಆ ಊರು ಹುಟ್ಟಿದ್ದೇ ಪತ್ರಿಕೆಯ ಚಂದಾದಿಂದ. 1925ರಲ್ಲಿ ಸೇಂಟ್ ಲೂಯಿಸ್‌ನ ದಿನಪತ್ರಿಕೆಯೊಂದು ತನ್ನ ಪ್ರಸಾರ ಹೆಚ್ಚಿಸಲು ಮೆರಮೆಕ್ ನದಿಯ ದಂಡೆಯಲ್ಲಿ ನಿವೇಶನಗಳನ್ನು ಮಾರಿತು: 67.50 ಡಾಲರ್ ಕೊಟ್ಟರೆ ಒಂದು ನಿವೇಶನ, ಜೊತೆಗೆ ಆರು ತಿಂಗಳ ಪತ್ರಿಕೆ. ಬೇಸಿಗೆಯ ಬಿಡಾರಗಳಾಗಿ ಶುರುವಾಗಿ ಎರಡು ಸಾವಿರ ಜನರ ಊರಾಯಿತು. ಡಾಂಬರು ಹಾಕಿಸುವಷ್ಟು ಹಣ ಊರಿಗಿರಲಿಲ್ಲ, ಮಣ್ಣಿನ ರಸ್ತೆಗಳ ಧೂಳು ವಿಪರೀತ. 1972ರಿಂದ ನಾಲ್ಕು ವರ್ಷ, ಗ್ಯಾರೇಜುಗಳಿಂದ ಹಳೆಯ ಎಣ್ಣೆ ಸಂಗ್ರಹಿಸುವ ಗುತ್ತಿಗೆದಾರನೊಬ್ಬನಿಂದ ಊರಿನವರು ರಸ್ತೆಗೆ ಎಣ್ಣೆ ಹೊಡೆಸಿದರು. ಅವನು ಅದೇ ಟ್ಯಾಂಕುಗಳಲ್ಲಿ ರಾಸಾಯನಿಕ ಕಾರ್ಖಾನೆಯೊಂದರ ತ್ಯಾಜ್ಯವನ್ನೂ ಸಾಗಿಸಿದ್ದ, ಅದರಲ್ಲಿ ಡಯಾಕ್ಸಿನ್ ಇತ್ತು. 1971ರಲ್ಲೇ ಅವನು ಎಣ್ಣೆ ಹೊಡೆದಿದ್ದ ಕುದುರೆ ಲಾಯವೊಂದರಲ್ಲಿ ಮೊದಲು ಗುಬ್ಬಚ್ಚಿಗಳು ಉದುರಿದವು, ಆಮೇಲೆ ಡಜನುಗಟ್ಟಲೆ ಕುದುರೆಗಳು ಸತ್ತವು, ಮಕ್ಕಳು ಕಾಯಿಲೆ ಬಿದ್ದರು. ಕಾರಣ ಡಯಾಕ್ಸಿನ್ ಎಂದು ಪತ್ತೆಯಾದದ್ದು 1974ರಲ್ಲಿ. ಟೈಮ್ಸ್ ಬೀಚಿನ ಮಣ್ಣು ಪರೀಕ್ಷೆಗೆ ಹೋದದ್ದು 1982ರಲ್ಲಿ. ಆ ಡಿಸೆಂಬರಿನಲ್ಲೇ ನದಿ ಉಕ್ಕಿ ಊರು ಮುಳುಗಿತು. ನೀರು ಇಳಿದು ಜನ ಮನೆ ತೊಳೆಯುತ್ತಿದ್ದಾಗ, ಕ್ರಿಸ್ಮಸ್ ಇನ್ನೇನು ಎರಡು ದಿನವಿರುವಾಗ, ಮರಳಿ ಬರಬೇಡಿ ಎಂಬ ಸೂಚನೆ ಬಂತು. 1983ರ ಫೆಬ್ರವರಿಯಲ್ಲಿ ಸರ್ಕಾರ ಇಡೀ ಊರನ್ನು ಕೊಂಡುಕೊಳ್ಳುವುದಾಗಿ ಪ್ರಕಟಿಸಿತು. 1990ರ ದಶಕದಲ್ಲಿ ಮಣ್ಣನ್ನು ಅಗೆದು ಸುಟ್ಟು ಶುದ್ಧ ಮಾಡಿದರು. ಈಗ ಅಲ್ಲೊಂದು ಉದ್ಯಾನವಿದೆ, ಊರಿಲ್ಲ.

ವಿಷ ಇಂಜಿನ್ ಎಣ್ಣೆಯದಲ್ಲ, ಕಾರ್ಖಾನೆಯದು, ನಿಜ. ಆದರೆ ವಿಷ ಅಡಗಿಕೊಳ್ಳಲು ಆ ಕಪ್ಪು ಎಣ್ಣೆಯಂಥ ಜಾಗ ಬೇರೊಂದಿರಲಿಲ್ಲ. ಗ್ಯಾರೇಜಿನವನಿಂದ ಅದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ, ಅದರಲ್ಲಿ ಏನು ಸೇರಿದೆ ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ‘ಎಣ್ಣೆ ಬದಲಿಸಿದವರು’, ‘ಎಣ್ಣೆ ಒಯ್ದವನು’, ‘ಎಣ್ಣೆ ಹೊಡೆಸಿದವರು’ ಎಂಬ ಸರಪಳಿಯಲ್ಲಿ ಪ್ರತಿಯೊಬ್ಬರ ಕೆಲಸವೂ ಮುಂದಿನವರ ‘ಇಸು’ವಿನೊಳಗೆ ಕರಗಿಹೋಗಿತ್ತು.

ಭಾರತಕ್ಕೆ ಬಂದರೆ, ಇಲ್ಲಿ ಕಾರು ಮೊದಲಿಂದಲೂ ‘ಮಾಡಿಸು’ ಗುಂಪಿನ ವಸ್ತು. ಕಾರಿದ್ದವರಿಗೆ ಡ್ರೈವರ್ ಇದ್ದ, ಲಾರಿಗೆ ಕ್ಲೀನರ್ ಹುಡುಗ ಇದ್ದ. ಅಂಬಾಸಿಡರ್, ಫಿಯಟ್ ಕಾಲದಲ್ಲಿ ಪೆಟ್ರೋಲ್ ಬಂಕಿನ ಪಕ್ಕದ ರ್‍ಯಾಂಪಿನ ಮೇಲೆ ಗಾಡಿ ಹತ್ತಿಸಿ ‘ವಾಟರ್ ಸರ್ವಿಸ್’ ಜೊತೆಗೇ ಆಯಿಲ್ ಕೂಡ ಆಗುತ್ತಿತ್ತು. 1972ರಲ್ಲಿ ಇಂಡಿಯನ್ ಆಯಿಲ್ ತನ್ನ ಸರ್ವೊ ಎಣ್ಣೆ ತಂದಿತು, ಆ ದಶಕದಲ್ಲೇ ವಿದೇಶಿ ತೈಲ ಕಂಪನಿಗಳ ರಾಷ್ಟ್ರೀಕರಣವಾಯಿತು. ಆದರೂ ಹಿಂದಿ, ಬಂಗಾಳಿ ಮಿಸ್ತ್ರಿಗಳ ಬಾಯಲ್ಲಿ ಇಂಜಿನ್ ಎಣ್ಣೆ ಯಾವ ಕಂಪನಿಯದಾದರೂ ‘ಮೊಬಿಲ್’ ಆಗಿಯೇ ಉಳಿಯಿತು.

ನಮ್ಮಲ್ಲಿ ಹಳೆಯ ಎಣ್ಣೆಗೆ ಹಂದಿಯ ಹೇನು ಇರಲಿಲ್ಲ, ಸೆಂಟ್ರಿಂಗ್ ಇತ್ತು. ಮನೆ ಕಟ್ಟುವಾಗ ಕಾಂಕ್ರೀಟ್ ಅಂಟದಿರಲೆಂದು ಸೆಂಟ್ರಿಂಗ್ ಹಲಗೆಗಳಿಗೆ ಬಳಿಯುವ ಕಪ್ಪು ಎಣ್ಣೆಯನ್ನು ಎಲ್ಲರೂ ನೋಡಿರುತ್ತೀರಿ, ಅದು ಬಹುಮಟ್ಟಿಗೆ ಯಾರದೋ ಬಸ್ಸಿನ, ಯಾರದೋ ಕಾರಿನ ಹಳೆಯ ಆಯಿಲ್. ಹಳ್ಳಿಯಲ್ಲಿ ಗೆದ್ದಲು ಹಿಡಿಯದಿರಲು ಗೂಟಕ್ಕೂ ಬಾಗಿಲ ಚೌಕಟ್ಟಿಗೂ ಬಳಿಯುತ್ತಾರೆ. ಕುಲುಮೆಗಳಲ್ಲಿ ಉರಿಸುತ್ತಾರೆ, ಅದರ ಹೊಗೆಯಲ್ಲಿ ಲೋಹದ ಅಂಶವೂ ಹೋಗುತ್ತದೆ. ಇನ್ನೊಂದು ದಾರಿ ಎಲ್ಲಕ್ಕಿಂತ ಚಾಣಾಕ್ಷವಾದದ್ದು: ಸೋಸಿ, ಬಣ್ಣ ತಿಳಿಯಾಗಿಸಿ, ಹೆಸರಾಂತ ಕಂಪನಿಗಳ ಹಳೆಯ ಡಬ್ಬಿಗಳಲ್ಲಿ ಮತ್ತೆ ತುಂಬಿಸುವುದು. ಖಾಲಿ ಡಬ್ಬಿಗೆ ತೂತು ಹೊಡೆದು ಬಿಸಾಡಿ ಎಂದು ಬಲ್ಲವರು ಹೇಳುವುದು ಇದಕ್ಕೇ. ಅಮೆರಿಕದಲ್ಲೂ 1920ರ ದಶಕದಲ್ಲಿ ಬಂಕುಗಳು ಡ್ರಮ್ಮಿನಿಂದ ಬಿಡಿಬಿಡಿಯಾಗಿ ಎಣ್ಣೆ ಮಾರುವಾಗ ಇದೇ ಕಲಬೆರಕೆ ನಡೆದು, ಸೀಲ್ ಮಾಡಿದ ಡಬ್ಬಿಗಳು ಬಂದಿದ್ದವು.

ಕಾನೂನು ಇಲ್ಲವೆಂದಲ್ಲ. 1989ರಲ್ಲೇ ದೇಶದಲ್ಲಿ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಬಂದವು. ಬಳಸಿದ ಎಣ್ಣೆ ಅವುಗಳ ಅಡಿಗೆ ಬರುತ್ತದೆ, ಅದನ್ನು ಪರವಾನಗಿ ಇರುವ ಮರುಬಳಕೆ ಘಟಕಗಳಿಗೇ ಕೊಡಬೇಕು. 2023ರ ಸೆಪ್ಟೆಂಬರಿನ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 2024ರ ಏಪ್ರಿಲ್ 1ರಿಂದ, ಎಣ್ಣೆ ತಯಾರಿಸುವ ಮತ್ತು ಆಮದು ಮಾಡುವ ಕಂಪನಿಗಳೇ ಅದರ ಒಂದು ಪಾಲು ಮರುಬಳಕೆಯಾಗುವಂತೆ ನೋಡಿಕೊಳ್ಳಬೇಕು. ಮೊದಲ ವರ್ಷ ಶೇಕಡಾ 5, ವರ್ಷದಿಂದ ವರ್ಷಕ್ಕೆ ಏರಿ ಶೇಕಡಾ 50ರವರೆಗೆ. ಮಾರಿದವರ ಹೆಗಲಿಗೆ ಭಾರ ಹೊರಿಸಿದ್ದು ಸರಿಯಾದ ದಿಕ್ಕು ಎಂದೇ ನನ್ನ ಅನಿಸಿಕೆ, ಯಾಕೆಂದರೆ ಬಳಸಿದ ಎಣ್ಣೆ ಸತ್ತ ಎಣ್ಣೆಯಲ್ಲ. ಅದರಲ್ಲಿ ಕೆಡುವುದು ಬೆರೆಸಿದ ರಾಸಾಯನಿಕಗಳು, ಸೇರಿಕೊಳ್ಳುವುದು ಕೊಳೆ. ಮೂಲದ ಎಣ್ಣೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅಮೆರಿಕದ ಅದೇ ಸಂಸ್ಥೆಯ ಲೆಕ್ಕದಂತೆ 2.4 ಲೀಟರ್ ಒಳ್ಳೆಯ ಇಂಜಿನ್ ಆಯಿಲ್ ತೆಗೆಯಲು ಒಂದು ಪೀಪಾಯಿ, ಅಂದರೆ 159 ಲೀಟರ್, ಕಚ್ಚಾತೈಲ ಬೇಕು. ಬಳಸಿದ ಎಣ್ಣೆಯಾದರೆ 3.8 ಲೀಟರ್ ಸಾಕು.

ಈ ನಿಯಮ ಕಂಪನಿಗಳ ಲೆಕ್ಕಪುಸ್ತಕಕ್ಕೆ ತಲುಪುತ್ತದೆ. ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಟಬ್ ಹಿಡಿದು ನಿಂತವರ ಬಳಿಗೆ ಅದಿನ್ನೂ ಬಂದಿಲ್ಲ. ಹಳೆ ಪೇಪರಿಗೆ, ಸೀಸಕ್ಕೆ ಪ್ರತಿ ಊರಲ್ಲೂ ಒಂದು ವಿಳಾಸವಿದೆ: ಬೆಂಗಳೂರಿನ ಗುಜರಿ, ಮುಂಬಯಿ ಪುಣೆಗಳ ಭಂಗಾರ್, ದಿಲ್ಲಿಯ ಕಬಾಡಿ, ಚೆನ್ನೈನ ಕಾಯಲಾನ್ ಕಡೈ. ಮೂರು ಲೀಟರ್ ಎಣ್ಣೆಗೆ ಅಂಥ ಹೆಸರು ಯಾವ ಭಾಷೆಯಲ್ಲೂ ನನಗೆ ಸಿಗಲಿಲ್ಲ. ನಾನಿರುವ ಪುಣೆಯಲ್ಲಿ ಮೊದಲ ಸಲ ನಾನೇ ಆಯಿಲ್ ಬದಲಿಸಿದಾಗ ವಿಚಾರಿಸುತ್ತ ಹೋದೆ. ಭಂಗಾರದವನು ಕಿಲೋ ಲೆಕ್ಕದಲ್ಲಿ ಕೊಳ್ಳಲು ತಯಾರಿದ್ದ, ಯಾರಿಗೆ ಮಾರುತ್ತೀಯಪ್ಪಾ ಎಂದದ್ದಕ್ಕೆ ‘ಬಿಲ್ಡಿಂಗ್‌ವಾಲೇ ಲೇತೇ ಹೈಂ’ ಎಂದ. ಒಂದು ಗ್ಯಾರೇಜಿನವರು, ಸರ್ವಿಸನ್ನು ನಮ್ಮಲ್ಲಿ ಮಾಡಿಸದವರ ಎಣ್ಣೆ ನಮಗೇಕೆ ಎಂದರು. ಇನ್ನೊಂದರಲ್ಲಿ ಹಿಂಬದಿಯ ಷೆಡ್ಡಿನಲ್ಲಿ 200 ಲೀಟರಿನ ಡ್ರಮ್ಮು ತೋರಿಸಿ ಸುರಿಯಲು ಹೇಳಿದರು. ನೀರು, ಬ್ರೇಕ್ ಆಯಿಲ್, ಕೂಲೆಂಟ್ ಏನನ್ನೂ ಸೇರಿಸಿಲ್ಲವಲ್ಲ ಎಂದು ಅಲ್ಲಿನ ಮೆಕ್ಯಾನಿಕ್ ಎರಡು ಸಲ ಕೇಳಿದ. ಬೆರಕೆಯಾದರೆ ಮರುಬಳಕೆಯವರು ಇಡೀ ಡ್ರಮ್ಮನ್ನೇ ವಾಪಸ್ ಮಾಡುತ್ತಾರಂತೆ. ಡ್ರಮ್ಮು ಒಯ್ಯಲು ತಿಂಗಳಿಗೊಮ್ಮೆ ಟೆಂಪೊ ಬರುತ್ತದೆ, ಅವರ ಹತ್ತಿರ ಪರವಾನಗಿಯ ಕಾಗದ ಇರುತ್ತದೆ, ಅದರ ಜೆರಾಕ್ಸ್ ಆಫೀಸಿನ ಗೋಡೆಗೆ ಅಂಟಿಸಿದ್ದೇವೆ ಎಂದ. ಅಂಟಿಸಿದ್ದರು. ಮಾಲಿನ್ಯ ನಿಯಂತ್ರಣ ಮಂಡಳಿಯ ಮೊಹರು, ನೋಂದಣಿ ಸಂಖ್ಯೆ, ಕೆಳಗೆ ಅವಧಿ ಮುಗಿಯುವ ದಿನ. ಇನ್ನೂ ಎಂಟು ತಿಂಗಳಿತ್ತು.